ಮೆಂತ್ಯದ ಡಬ್ಬಿಯಲ್ಲಿ ಇಂಗ್ಲಿಷು

ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಪಾಸಾಗಿ ಪಿಯುಸಿಗೆ ಸೈನ್ಸ್ ತೆಗೆದುಕೊಂಡವರಿಗೆ ಪುನರ್ಜನ್ಮ ಅಂದರೇನು ಎಂದು ಯಾವ ಸ್ವಾಮಿಗಳೂ ವಿವರಿಸಬೇಕಾಗಿಲ್ಲ. ಮಾರ್ಚಿನಲ್ಲಿ ನಿದ್ದೆಗಣ್ಣಲ್ಲೂ ಒಪ್ಪಿಸುತ್ತಿದ್ದ ದ್ಯುತಿಸಂಶ್ಲೇಷಣೆ ಜೂನ್ ಹೊತ್ತಿಗೆ ಫೋಟೋಸಿಂಥೆಸಿಸ್ ಆಗಿ ಬೋರ್ಡಿನ ಮೇಲೆ ಕೂತಿರುತ್ತದೆ. ವೇಗೋತ್ಕರ್ಷ ಆಕ್ಸಲರೇಷನ್ ಆಗಿರುತ್ತದೆ. ಲ.ಸಾ.ಅ. ಎಂಬ ಸಾಧು ಪ್ರಾಣಿ ಎಲ್‌ಸಿಎಂ ಎಂದು ಹೆಸರು ಬದಲಾಯಿಸಿಕೊಂಡು, ನಮ್ಮ ಗುರುತೇ ಇಲ್ಲವೆಂಬಂತೆ ಮುಖ ತಿರುಗಿಸುತ್ತದೆ. ಲೆಕ್ಚರರು ‘ಅಂಡರ್‌ಸ್ಟುಡ್?’ ಎಂದರೆ ಇಡೀ ಕ್ಲಾಸು ‘ಎಸ್ ಸಾರ್’ ಎನ್ನುತ್ತದೆ. ಇಂಗ್ಲಿಷಿನಲ್ಲಿ ನಾವು ಹೇಳಲು ಕಲಿತ ಮೊದಲ ಸುಳ್ಳು ಅದು. ನಾನೂ ಹಾಸನದಲ್ಲಿ ಒಂದಿಡೀ ವರ್ಷ ಆ ಸುಳ್ಳು ಹೇಳಿ, ಮರುವರ್ಷ ಆರ್ಟ್ಸಿಗೆ ವಲಸೆ ಹೋಗಿ, ಕನ್ನಡ ಐಚ್ಛಿಕದಲ್ಲಿ ಬಿ.ಎ. ಮುಗಿಸಿ, ಕನ್ನಡ ಮೇಷ್ಟ್ರನ್ನೇ ಮದುವೆಯಾಗಿ ಮೈಸೂರು ಸೇರಿದೆ. ಇಂಗ್ಲಿಷಿಗೂ ನನಗೂ ಅಲ್ಲಿಗೆ ಋಣ ಹರಿಯಿತು ಅಂದುಕೊಂಡಿದ್ದೆ.

ಹರಿದಿರಲಿಲ್ಲ. ಮಗಳು ಎಂ.ಎಸ್. ಮಾಡಲು ಅಮೆರಿಕಕ್ಕೆ ಹೋಗುತ್ತೇನೆ, ಜಿಆರ್‌ಇ ಬರೆಯಬೇಕು ಅಂದಳು. ನಮ್ಮ ಮನೆತನದಲ್ಲಿ ಜಿಆರ್‌ಇ ಪುಸ್ತಕವನ್ನು ಕೊಳ್ಳುವ ಪದ್ಧತಿಯಿಲ್ಲ. ತೊಟ್ಟಿಲು, ಬೆಳ್ಳಿ ಒಳಲೆ, ಜಿಆರ್‌ಇ ಪುಸ್ತಕ, ಈ ಮೂರೂ ಮನೆಯಿಂದ ಮನೆಗೆ ಹೋಗುತ್ತವೆ. ನಮ್ಮ ಪಾಲಿಗೆ ಅದು ಭಾವನವರ ಮಗನಿಂದ ಬಂತು. ಅವನಿಗೆ ಅವನ ಸೋದರತ್ತೆಯ ಮಗನಿಂದ ಬಂದಿತ್ತಂತೆ. ರಟ್ಟು ಹೋಗಿ, ಬೆನ್ನಿಗೆ ಹಳೇ ಕ್ಯಾಲೆಂಡರಿನ ಲಕ್ಷ್ಮಿಯನ್ನು ಅಂಟಿಸಿಕೊಂಡಿದ್ದ ಆ ಗ್ರಂಥದಲ್ಲಿ ಮೂರೂವರೆ ಸಾವಿರ ಪದಗಳ ಪಟ್ಟಿ. ಎ ಅಕ್ಷರದ ಪದಗಳಿಗೆಲ್ಲ ಕೆಂಪು ಶಾಯಿಯಲ್ಲಿ ಅಡಿಗೆರೆ, ಪಕ್ಕದಲ್ಲಿ ಕನ್ನಡ ಅರ್ಥ, ನಕ್ಷತ್ರ ಗುರುತು. ಬಿ ಅಕ್ಷರಕ್ಕೆ ಪೆನ್ಸಿಲ್ ಗೆರೆ. ಸಿಯಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ. ಡಿಯಿಂದ ಮುಂದಕ್ಕೆ ಪುಟಗಳು ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಇದನ್ನು ಓದಿದವರಲ್ಲಿ ಇಬ್ಬರು ಟೆಕ್ಸಾಸಿನಲ್ಲಿ ಮನೆ ಕಟ್ಟಿದ್ದಾರೆ. ಅಂದಮೇಲೆ ಎ ಅಕ್ಷರ ಮುಗಿಸಿದರೆ ವೀಸಾ ಖಚಿತ ಎಂದು ನಾನು ಲೆಕ್ಕ ಹಾಕಿದೆ.

ಮಗಳು ಪುಸ್ತಕವನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು. “ಅಮ್ಮಾ, ಇದರಲ್ಲಿರೋ ಆಂಟೊನಿಮ್ಮು, ಅನಾಲಜಿ ಎಲ್ಲಾ 2011ರಲ್ಲೇ ಪರೀಕ್ಷೆಯಿಂದ ತೆಗೆದುಹಾಕಿದಾರೆ. ಈಗ ಪ್ಯಾರಾ ಓದಿ ಅರ್ಥ ಮಾಡ್ಕೊಂಡು ಉತ್ತರ ಬರೀಬೇಕು, ಅಷ್ಟೇ.”

“ಅವರು ಪರೀಕ್ಷೆಯಿಂದ ತೆಗೆದುಹಾಕಬಹುದು ಕಣೇ, ವಂಶದ ಪುಸ್ತಕಾನ ನಾವು ಹಾಗೆ ತೆಗೆದುಹಾಕಕ್ಕಾಗತ್ತಾ?” ಎಂದು ನಾನೇ ಎತ್ತಿಟ್ಟುಕೊಂಡೆ. ಆರ್ಟ್ಸು, ಕಾಮರ್ಸು, ಲಾ, ಮೆಡಿಕಲ್ಲು, ಯಾವ ಶಾಸ್ತ್ರದ ಇಂಗ್ಲಿಷೂ ನನ್ನ ಮುಂದೆ ಬಾಯಿ ಮುಚ್ಚಿಕೊಂಡು ನಿಲ್ಲಬೇಕು ಎಂಬ ಸಂಕಲ್ಪ ಆವತ್ತೇ ಆಯಿತು. ಮಗಳು ಓದಲು ಫೋನು ಹಿಡಿದಳು. ನಾನು ಕನ್ನಡಕ ಹುಡುಕಿದೆ.

ಕಲಿತ ಪದವನ್ನು ಅವತ್ತೇ ಬಳಸಬೇಕು ಎಂದು ಮುನ್ನುಡಿಯಲ್ಲಿ ಬರೆದಿತ್ತು. ಮನೆಯಲ್ಲಿ ಬಳಸಲು ಸಿಗುವವರು ಇಬ್ಬರೇ: ನಮ್ಮವರು, ಅತ್ತೆ. ಭಾನುವಾರ ನಮ್ಮವರು ನಾಲ್ಕನೇ ದೋಸೆಗೆ ತಟ್ಟೆ ಚಾಚಿದಾಗ, “ರೀ, ಸ್ವಲ್ಪ ಆಬ್‌ಸ್ಟೀಮಿಯಸ್ ಆಗಿರಿ” ಅಂದೆ. ಅವರು ತಲೆಯೆತ್ತದೆ, “ಬೆಳಗ್ಗೆ ಎದ್ದ ತಕ್ಷಣ ಒಂದು ತಗೊಂಡೆನಲ್ಲ. ರಾತ್ರೀದೂ ತಿಂಡಿಗೆ ಮುಂಚೇನೇ ತಗೋಬೇಕಾ?” ಅಂದರು. ಮಿತಾಹಾರ ಎಂಬ ಅರ್ಥದ ಪದ ನಮ್ಮ ಮನೆಯಲ್ಲಿ ಬಿಪಿ ಮಾತ್ರೆಯಾಯಿತು. ದೋಸೆ ನಾಲ್ಕಲ್ಲ, ಐದಾಯಿತು.

ಆಮೇಲೆ ಅಬ್‌ಸ್ಟೇನ್, ಆಬ್‌ಸ್ಟ್ರಾಕ್ಟ್, ಆಬ್‌ಸ್ಟ್ರೂಸ್ ಎಂದು ಅದರ ಒಡಹುಟ್ಟಿದವರೆಲ್ಲ ಸಾಲಾಗಿ ಬಂದರು. ದೀಪಾವಳಿಗೆ ಒಂದೇ ಥಾನಿನ ಬಟ್ಟೆಯಲ್ಲಿ ಅಂಗಿ ಹೊಲಿಸಿಕೊಂಡ ಅಣ್ಣತಮ್ಮಂದಿರ ಹಾಗೆ, ಯಾರು ಯಾರೆಂದು ಹಿಂದಿನಿಂದ ನೋಡಿದರೆ ಗೊತ್ತಾಗುತ್ತಿರಲಿಲ್ಲ. ನ್ಯೂಜಿಲೆಂಡಿನ ಪಾಲ್ ನೇಷನ್ ಎಂಬ ವಿದ್ವಾಂಸರು ಜೀವಮಾನವನ್ನೆಲ್ಲ ಪದ ಕಲಿಕೆಯ ಅಧ್ಯಯನಕ್ಕೇ ಕೊಟ್ಟವರು. ರೂಪದಲ್ಲೋ ಅರ್ಥದಲ್ಲೋ ಹತ್ತಿರವಿರುವ ಪದಗಳನ್ನು ಒಟ್ಟಿಗೆ ಕಲಿಯಬೇಡಿ, ಒಂದಕ್ಕೊಂದು ಅಡ್ಡ ಬರುತ್ತವೆ ಅಂತ ಅವರು ಹೇಳಿದ್ದಾರೆ. ಅಕಾರಾದಿಯಾಗಿ ಕಲಿಯುವುದೆಂದರೆ ಅಡ್ಡ ಬರುವವರನ್ನೇ ಆರಿಸಿ ಮನೆಗೆ ಕರೆದ ಹಾಗಾಯಿತು. ನಮ್ಮ ವಂಶದ ಮೂರು ತಲೆ ಅದನ್ನೇ ಮಾಡಿತ್ತು.

ಮರೆವಿಗೂ ಶಾಸ್ತ್ರವಿದೆ ಎಂದು ಮಗಳು ಹೇಳಿದಳು. 1885ರಲ್ಲಿ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬಾತ ಅರ್ಥವೇ ಇಲ್ಲದ ಅಕ್ಷರಗುಚ್ಛಗಳನ್ನು ತಾನೇ ಉರುಹೊಡೆದು, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತೇನೆಂದು ಅಳೆದು ಬರೆದಿಟ್ಟ. ಅರ್ಧಕ್ಕಿಂತ ಹೆಚ್ಚು ಮೊದಲ ಒಂದು ಗಂಟೆಯಲ್ಲೇ ಸೋರಿಹೋಗಿತ್ತಂತೆ. ಗ್ಯಾಸ್ ಮೇಲೆ ಹಾಲಿಟ್ಟು ಬಂದವಳಿಗೆ ಒಂದು ಗಂಟೆ ಏಕೆ ಬೇಕು ಎಂದು ನಾನು ಯೋಚಿಸಿದೆ. ಇದಕ್ಕೆ ಮದ್ದನ್ನು ಸೆಬಾಸ್ಟಿಯನ್ ಲೈಟ್ನರ್ ಎಂಬ ಲೇಖಕ 1972ರಲ್ಲಿ ಜನಪ್ರಿಯ ಮಾಡಿದ. ಒಂದೊಂದು ಚೀಟಿಗೆ ಒಂದೊಂದು ಪದ. ನೆನಪಾದ ಚೀಟಿ ಮುಂದಿನ ಡಬ್ಬಿಗೆ ಬಡ್ತಿ ಪಡೆಯುತ್ತದೆ, ಅಲ್ಲಿ ಅದನ್ನು ಅಪರೂಪಕ್ಕೆ ನೋಡಿದರೆ ಸಾಕು. ಮರೆತ ಚೀಟಿಗೆ ಹಿಂಬಡ್ತಿ, ಸೀದಾ ಮೊದಲ ಡಬ್ಬಿಗೆ. ನಮ್ಮ ಅಡುಗೆಮನೆಯಲ್ಲಿ ಡಬ್ಬಿಗಳಿಗೇನು ಬರ? ಐದು ಸ್ಟೀಲ್ ಡಬ್ಬಿ ಖಾಲಿ ಮಾಡಿ ಸಾಲಾಗಿಟ್ಟೆ.

ಮರುದಿನವೇ ಅತ್ತೆಯ ದನಿ ಕೇಳಿಸಿತು. “ಏನಮ್ಮಾ, ಮೆಂತ್ಯದ ಡಬ್ಬೀಲಿ ಬರೀ ಚೀಟಿ ಇದಾವಲ್ಲ, ಚೀಟಿ ವ್ಯವಹಾರ ಏನಾದ್ರೂ ಶುರು ಮಾಡಿದೀಯಾ?” ನಮ್ಮವರು ಸಂಜೆ ಚಕ್ಕುಲಿಗೆ ಕೈ ಹಾಕಿ ‘ಯುಬಿಕ್ವಿಟಸ್’ ತೆಗೆದರು. ಹಿಂಬದಿಯಲ್ಲಿದ್ದ ಅರ್ಥ ಓದಿ, “ಎಲ್ಲೆಲ್ಲೂ ಇರುವಂಥದ್ದು ಅಂತೆ. ಡಬ್ಬೀಲಿ ಮಾತ್ರ ಚಕ್ಕುಲಿ ಇಲ್ಲ” ಎಂದರು. ಎಲ್ಲ ಚೀಟಿಯೂ ಮೊದಲ ಡಬ್ಬಿಯಲ್ಲೇ ತುಂಬಿಕೊಂಡವು. ಉಳಿದ ನಾಲ್ಕಕ್ಕೆ ಬಡ್ತಿ ಪಡೆದು ಬರುವವರೇ ಇಲ್ಲದೆ ಅತ್ತೆ ಅವುಗಳಲ್ಲಿ ಹುಣಸೆಹಣ್ಣು ಸೇರಿಸಿದರು.

ಪಟ್ಟಿ ಬಿಟ್ಟು ವಿಷಯವಾರು ಹಿಡಿಯೋಣ ಎಂದು ಕ್ಯಾಲೆಂಡರಿನ ಹಿಂದೆ ಟೈಂಟೇಬಲ್ ಬರೆದೆ. ಸೋಮವಾರ ಅರ್ಥಶಾಸ್ತ್ರ, ಮಂಗಳವಾರ ವೈದ್ಯಶಾಸ್ತ್ರ, ಬುಧವಾರ ಕಾನೂನು, ಗುರುವಾರ ಭೂಗೋಳ, ಶುಕ್ರವಾರ ಪೂಜೆಯಿರುವುದರಿಂದ ರಜೆ. ವೈದ್ಯಶಾಸ್ತ್ರಕ್ಕೆ ಪಠ್ಯಪುಸ್ತಕ ಮನೆಯಲ್ಲೇ ಇತ್ತು, ನಮ್ಮವರ ಎದೆಯ ಎಕ್ಸ್‌ರೇ ರಿಪೋರ್ಟು. ಅದರಲ್ಲಿ ಹಾರ್ಟಿನ ಮುಂದೆ ‘ಅನ್‌ರಿಮಾರ್ಕಬಲ್’ ಎಂದು ಬರೆದಿತ್ತು. “ನಿಮ್ಮ ಹೃದಯದಲ್ಲಿ ಗಮನಿಸುವಂಥಾದ್ದೇನೂ ಇಲ್ಲವಂತೆ” ಎಂದು ಓದಿ ಹೇಳಿದೆ. ವರ್ಷಗಟ್ಟಲೆ ಮಕ್ಕಳಿಗೆ ಹಳಗನ್ನಡ ಕಾವ್ಯ ಪಾಠ ಮಾಡಿದ ಹೃದಯ. ಅವರು ಆ ರಾತ್ರಿ ಊಟದಲ್ಲಿ ಮಜ್ಜಿಗೆ ಕೇಳಲಿಲ್ಲ. ರೇಡಿಯಾಲಜಿಯಲ್ಲಿ ಆ ಪದಕ್ಕೆ ತೊಂದರೆ ಏನೂ ಇಲ್ಲ, ಎಲ್ಲ ಸರಿಯಾಗಿದೆ ಎಂದರ್ಥ, ವೈದ್ಯರ ಬಾಯಿಂದ ಅದಕ್ಕಿಂತ ಒಳ್ಳೆಯ ಮಾತು ಬರುವುದೇ ಇಲ್ಲ ಎಂದು ಮಗಳು ಬಿಡಿಸಿ ಹೇಳಿದ ಮೇಲೆ ಬಡಿಸಿಕೊಂಡರು.

ಬುಧವಾರದ ಕಾನೂನು ಇನ್ನೂ ದುಬಾರಿ. ಸೈಟಿನ ಅಗ್ರಿಮೆಂಟಿನ ಕರಡು ಇಂಗ್ಲಿಷಿನಲ್ಲಿ ಬಂದಿತ್ತು. ಅದರಲ್ಲಿ ‘ಕನ್ಸಿಡರೇಷನ್’ ಎಂಬ ಪದ ಸಾಲು ಸಾಲಿಗೂ ಇತ್ತು. ಮಾರುವವರು ನಮ್ಮ ಪರಿಸ್ಥಿತಿಯನ್ನು ಕನ್ಸಿಡರ್ ಮಾಡಿದ್ದಾರೆ, ರೇಟಿನಲ್ಲಿ ಬಿಡುತ್ತಾರೆ ಎಂದು ನಾನು ವ್ಯಾಖ್ಯಾನ ಮಾಡಿದೆ. ನಮ್ಮವರು ಅದೇ ಧೈರ್ಯದಲ್ಲಿ ಹೋಗಿ, ಎಷ್ಟು ಬಿಡ್ತೀರಿ ಎಂದು ಕೇಳಿಯೂಬಿಟ್ಟರು. ವಕೀಲರು ನಕ್ಕು, “ಮೇಷ್ಟ್ರೇ, ಕನ್ಸಿಡರೇಷನ್ ಅಂದ್ರೆ ನೀವು ಕೊಡಬೇಕಾದ ದುಡ್ಡು. 1872ರ ಕಾಂಟ್ರಾಕ್ಟ್ ಆಕ್ಟಿನ ಎರಡನೇ ಸೆಕ್ಷನ್ನಲ್ಲೇ ಇದೆ. ಅದಿಲ್ದೆ ಅಗ್ರಿಮೆಂಟು ನಿಲ್ಲೋದೇ ಇಲ್ಲ” ಅಂದರಂತೆ. ಮನೆಗೆ ಬಂದ ನಮ್ಮವರು ನನ್ನ ಟೈಂಟೇಬಲ್ಲಿನ ಮುಂದೆ ನಿಂತು, “ಬುಧವಾರಾನೂ ಪೂಜೆ ಇಟ್ಕೊಳ್ಳೇ” ಎಂದರು.

ಇಷ್ಟರಲ್ಲಿ ಮಗಳಿಗೆ ನನ್ನ ಮೇಲೆ ಕನಿಕರ ಹುಟ್ಟಿ ಇನ್ನೊಂದು ಪಟ್ಟಿ ತಂದುಕೊಟ್ಟಳು. ಅವೆರಿಲ್ ಕಾಕ್ಸ್‌ಹೆಡ್ ಎಂಬಾಕೆ ನ್ಯೂಜಿಲೆಂಡಿನ ವೆಲಿಂಗ್ಟನ್ನಿನಲ್ಲಿ ಮಾಡಿದ್ದು, 2000ದಲ್ಲಿ ಪ್ರಕಟವಾದದ್ದು. ಆಕೆ ಕಲೆ, ವಾಣಿಜ್ಯ, ಕಾನೂನು, ವಿಜ್ಞಾನ ಈ ನಾಲ್ಕು ವಿಭಾಗಗಳ 28 ವಿಷಯಗಳಿಂದ ಸುಮಾರು 35 ಲಕ್ಷ ಪದಗಳಷ್ಟು ಪಠ್ಯವನ್ನು ಕೂಡಿಹಾಕಿ, ನಾಲ್ಕೂ ಕಡೆ ಮತ್ತೆ ಮತ್ತೆ ಬರುವ ಪದಗಳು ಯಾವುವೆಂದು ಎಣಿಸಿದರು. ದಿನಬಳಕೆಯ ಪದಗಳನ್ನು ಮೊದಲೇ ಪಕ್ಕಕ್ಕಿಟ್ಟಿದ್ದರು. ಆ ದಿನಬಳಕೆಯ ಸುಮಾರು 2000 ಪದಗಳ ಪಟ್ಟಿ ಬೇರೆಯದು. ಹಿಂದೊಮ್ಮೆ ಢಾಕಾದಲ್ಲಿ ಮೇಷ್ಟ್ರುಗಳಿಗೆ ಪಾಠ ಹೇಳುತ್ತಿದ್ದ ಮೈಕೇಲ್ ವೆಸ್ಟ್ ಎಂಬ ಇಂಗ್ಲಿಷರು 1953ರಲ್ಲಿ ಅದನ್ನು ಹೊರತಂದಿದ್ದರು. ಕಾಕ್ಸ್‌ಹೆಡ್ ಎಣಿಕೆಯಲ್ಲಿ ಕೊನೆಗೆ ಉಳಿದದ್ದು 570 ಪದಕುಟುಂಬಗಳು. ಕಾಲೇಜು ಮಟ್ಟದ ಯಾವ ಪುಸ್ತಕ ತೆರೆದರೂ ನೂರು ಪದಗಳಲ್ಲಿ ಹೆಚ್ಚುಕಡಿಮೆ 76 ವೆಸ್ಟ್ ಪಟ್ಟಿಯವು, ಹತ್ತು ಈ 570ರವು. ನನ್ನ ‘ಆಬ್‌ಸ್ಟೀಮಿಯಸ್’ ಹುಡುಕಿದೆ, ಇರಲಿಲ್ಲ. ಆ ಅಣ್ಣತಮ್ಮಂದಿರಲ್ಲಿ ಪಾಸಾಗಿದ್ದವನು ಆಬ್‌ಸ್ಟ್ರಾಕ್ಟ್ ಒಬ್ಬನೇ.

ಪಟ್ಟಿ ಹತ್ತು ಕಂತುಗಳಲ್ಲಿದೆ. ಮೊದಲ ಕಂತಿನ 60 ಪದಗಳೇ ಎಲ್ಲಕ್ಕಿಂತ ಹೆಚ್ಚು ಬಳಕೆಯವು. ನಾನು ಜಗಲಿಯಲ್ಲಿ ಕೂತು ಜೋರಾಗಿ ಓದುತ್ತಿದ್ದೆ. ಹುರುಳಿಕಾಯಿ ನಾರು ಬಿಡಿಸುತ್ತಿದ್ದ ಅತ್ತೆ, “ಇದೇನು, ನೀನು ಕಲೀತಿರೋ ಇಂಗ್ಲಿಷು ಇದೇನಾ?” ಎಂದರು. ಅವರು ಓದಿರುವುದು ನಾಲ್ಕನೇ ಕ್ಲಾಸು. ನಾನು ಪರೀಕ್ಷಕಿಯ ಗತ್ತಿನಿಂದ ಒಂದೊಂದೇ ಕೇಳಿದೆ.

“ಲೇಬರ್?”

“ಕಾಯಿ ಕೀಳೋಕೆ ಲೇಬರ್ ಸಿಗಲ್ಲ.”

“ಕಾಂಟ್ರಾಕ್ಟ್?”

“ಅದಕ್ಕೇ ತೋಟ ಕಾಂಟ್ರಾಕ್ಟಿಗೆ ಕೊಟ್ಟಿರೋದು.”

“ಪರ್ಸೆಂಟ್?”

“ಫೈನಾನ್ಸ್‌ನೋನು ತಿಂಗಳಿಗೆ ಮೂರು ಪರ್ಸೆಂಟ್ ಕಿತ್ಕೊತಾನೆ.” ನಾನಿನ್ನೂ ಕೇಳದೇ ಇದ್ದ ಫೈನಾನ್ಸೂ ಬಂದುಬಿಟ್ಟಿತು.

ಪಾಲಿಸಿ ಎಂದರೆ ಮಾವನವರು ಕಟ್ಟಿದ್ದು. ಸೆಕ್ಷನ್ ಎಂದರೆ ಟಿವಿಯಲ್ಲಿ ಪೊಲೀಸರು ಹಾಕುವುದು. ಎಕ್ಸ್‌ಪೋರ್ಟ್ ಎಂದರೆ ಒಳ್ಳೆಯ ಗೋಡಂಬಿಯೆಲ್ಲ ಹೋಗುವ ಜಾಗ. ಡೇಟಾ ಎಂದರೆ ಭಜನೆಯ ವಿಡಿಯೋ ಅರ್ಧಕ್ಕೆ ನಿಂತಾಗ ಮುಗಿದಿರುವಂಥದ್ದು. ಫಂಕ್ಷನ್ ಎಂದೆ. “ಯಾರ ಮನೇದು? ನಾಮಕರಣಾನಾ?” ಎಂದು ಕೈಯಲ್ಲಿದ್ದ ಹುರುಳಿಕಾಯಿ ಕೆಳಗಿಟ್ಟರು. ಗಣಿತದವರು, ಜೀವಶಾಸ್ತ್ರದವರು ಏನಾದರೂ ಅಂದುಕೊಳ್ಳಲಿ, ಆ ಉತ್ತರಕ್ಕೆ ನಾನು ಪೂರ್ತಿ ಅಂಕ ಕೊಟ್ಟೆ. ಡಿರೈವ್, ಕಾನ್‌ಸ್ಟಿಟ್ಯೂಟ್, ಎವಿಡೆಂಟ್ ಬಂದಾಗ ಮಾತ್ರ ಅತ್ತೆ ಸುಮ್ಮನಾದರು. ನಾನೂ ಸುಮ್ಮನಾದೆ. ಅಲ್ಲಿ ನಾವಿಬ್ಬರೂ ಒಂದೇ ಕ್ಲಾಸು.

ಲಕ್ಷ್ಮಿ ಅಂಟಿಸಿಕೊಂಡ ಗ್ರಂಥ ಹೇಳಿಕೊಡದ ಪಾಠ ಅವತ್ತು ಅತ್ತೆಯಿಂದಾಯಿತು. ಅವರು ಒಂದು ಪದವನ್ನೂ ಉರುಹೊಡೆದವರಲ್ಲ. ತೋಟ, ಸಾಲ, ವಿಮೆ, ಟಿವಿ, ಗೋಡಂಬಿ ಅಂಗಡಿ, ಹೀಗೆ ಅಗತ್ಯವಿದ್ದ ಕಡೆಯಲ್ಲೆಲ್ಲ ಪದ ತಾನಾಗಿ ಎದುರಾಯಿತು, ಮತ್ತೆ ಎದುರಾಯಿತು, ನಿಂತಿತು. ಡಿರೈವ್, ಎವಿಡೆಂಟ್ ನಮ್ಮ ಜಗಲಿಗೆ ಬರುವವಲ್ಲ. ಅವು ಇರುವುದು ಪುಸ್ತಕದಲ್ಲಿ. ಅಂದಮೇಲೆ ನಾವೇ ಅಲ್ಲಿಗೆ ಹೋಗಬೇಕು. ಈಗ ಊಟವಾದ ಮೇಲೆ ಮಗಳ ಹಳೆಯ ಹೈಸ್ಕೂಲು ಪುಸ್ತಕಗಳನ್ನು ಇಟ್ಟುಕೊಂಡು, ಒಂದು ದಿನ ವಿಜ್ಞಾನದ ಪುಟ, ಒಂದು ದಿನ ಅರ್ಥಶಾಸ್ತ್ರದ ಪುಟ ಓದುತ್ತೇನೆ. ಗೊತ್ತಿಲ್ಲದ ಪದ ಬಂದರೆ ಮೊದಲ ಸಲ ಬಿಟ್ಟು ಮುಂದೆ ಹೋಗುತ್ತೇನೆ. ಮತ್ತೆ ಬಂದರೆ ವಾಕ್ಯವನ್ನು ಇನ್ನೊಮ್ಮೆ ಓದುತ್ತೇನೆ. ಮೂರನೇ ಸಲವೂ ಬಂದರೆ ಮಾತ್ರ ನಿಘಂಟು. ನಮ್ಮವರ ಹೃದಯ, ಸೈಟು ಎರಡೂ ಸದ್ಯಕ್ಕೆ ಸುರಕ್ಷಿತ.

ಆದ್ದರಿಂದ, ಕನ್ನಡ ಮಾಧ್ಯಮದಿಂದ ಬಂದು ಪಿಯುಸಿ ಬೆಂಚಿನ ಮೇಲೆ ‘ಎಸ್ ಸಾರ್’ ಎನ್ನುತ್ತಿರುವ ಮಕ್ಕಳಿಗೂ, ಅವರ ತಾಯಂದಿರಿಗೂ ನನ್ನದೊಂದು ಮಾತು. ಮೂರೂವರೆ ಸಾವಿರದ ಗೊಡವೆ ಬೇಡ. ಪಟ್ಟಿ ಬೇಕೇಬೇಕು ಎನ್ನಿಸಿದರೆ 570ರದ್ದನ್ನು ಹಿಡಿಯಿರಿ, ಅದರಲ್ಲಿ ಎಷ್ಟೋ ಪದ ನಿಮ್ಮ ಅಜ್ಜಿಗೇ ಗೊತ್ತಿರುತ್ತವೆ, ಕೇಳಿ ನೋಡಿ. ಉಳಿದವನ್ನು ಓದುತ್ತಾ ಕಲಿಯಿರಿ. ಚೀಟಿ ಬರೆದರೂ ತಿಂಡಿ ಡಬ್ಬಿಯಲ್ಲಿಡಬೇಡಿ. ಚಕ್ಕುಲಿಯ ಎಣ್ಣೆ ಹೀರಿದ ಕಾಗದದ ಮೇಲೆ ಇಂಗ್ಲಿಷಾದರೂ ಅಷ್ಟೇ, ಕನ್ನಡವಾದರೂ ಅಷ್ಟೇ, ಓದಲು ಬರುವುದಿಲ್ಲ.