ಕಾರ್ಡಿಯೋ ರೆಸ್ಪಿರೇಟರಿ ಅರೆಸ್ಟ್ ಸಾಹೇಬರಿಗೆ ಬಹಿರಂಗ ಪತ್ರ

ವಿಷಯ: ತಾವು ಮಾಡದ ಕೊಲೆಗಳ ಹೊಣೆ ಹೊತ್ತುಕೊಳ್ಳುತ್ತಿರುವ ಬಗ್ಗೆ.

ಸನ್ಮಾನ್ಯರೆ,

ಆಸ್ಪತ್ರೆಯ ಮರಣ ಪತ್ರಗಳನ್ನು ತೆಗೆದು ನೋಡಿದರೆ ಮೊದಲ ಸಾಲಿನಲ್ಲಿ ತಾವೇ ವಿರಾಜಮಾನರು. ಎಂಬತ್ತರ ಅಜ್ಜ ಹೋದರೂ ತಾವೇ, ಎಂಟರ ಮಗು ಹೋದರೂ ತಾವೇ. ಸತ್ತವರ ಎದೆಬಡಿತವೂ ಉಸಿರೂ ನಿಂತಿರುತ್ತವೆ ಎಂದು ಬರೆಯಲು ಅಷ್ಟು ವರ್ಷ ಎಂಬಿಬಿಎಸ್ ಓದಬೇಕೇ ಎಂದು ಕೆಲವರು ಕೇಳುತ್ತಾರೆ. ನಾನು ಅಂಥ ಅಧಿಕಪ್ರಸಂಗಿಯಲ್ಲ. ಫಾರಂ 4 ಎಂಬ ಸರ್ಕಾರಿ ಹಾಳೆಯಲ್ಲೇ, ಪ್ರಾಣ ಹೋದ ರೀತಿಯನ್ನಲ್ಲ, ಸಾವು ತಂದ ರೋಗವನ್ನು ಬರೆಯಿರಿ ಎಂದು ಅಚ್ಚು ಹಾಕಿದ್ದಾರೆ. ಆ ಅಚ್ಚಿನ ಪಕ್ಕದಲ್ಲೇ ತಮ್ಮ ಹೆಸರು ಬರೆಯುವುದು ನಮ್ಮಲ್ಲಿ ನಡೆದುಬಂದ ಸಂಪ್ರದಾಯ.

ತಮ್ಮ ಈ ಔದಾರ್ಯದಿಂದ ಬಹಳ ಲಾಭ ಪಡೆದವರು ಮಧುಮೇಹ ಮಹಾಶಯರು, ಅಂದರೆ ನಮ್ಮೆಲ್ಲರ ‘ಶುಗರ್’. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರ ಮೈಯಲ್ಲಿ ಬಿಡಾರ ಹೂಡಿದ್ದಾರೆ. ಸಾವಿನ ಲೆಕ್ಕಕ್ಕೆ ಬಂದಾಗ ಮಾತ್ರ ಪರಮ ಸಾಧು.

ನಮ್ಮ ಬೀದಿಯ ಕೊನೆಯಲ್ಲಿ ಟೀ ಅಂಗಡಿ ಇಟ್ಟಿದ್ದವರ ಕಥೆ ಕೇಳಿ. ಶುಗರ್ ಬಂದು ವರ್ಷಗಳಾಗಿದ್ದವು, ಅಂಗಾಲು ಪೂರ್ತಿ ಜೋಮು. ಹವಾಯಿ ಚಪ್ಪಲಿ ಜಾರಿದ್ದೇ ತಿಳಿಯದೆ ನಾಲ್ಕು ಹೆಜ್ಜೆ ಮುಂದೆ ಹೋಗಿ, ಗಿರಾಕಿಗಳು ಕೂಗಿದಾಗ ನಗುತ್ತಾ ವಾಪಸ್ ಬರುತ್ತಿದ್ದರು. ಒಂದು ದಿನ ಅಂಗಾಲಿಗೆ ಮೊಳೆ ಚುಚ್ಚಿತು. ನೋವಿಲ್ಲ, ಆದ್ದರಿಂದ ಗಾಯವೂ ಇಲ್ಲ ಎಂಬ ಲೆಕ್ಕ. ಚಾಪೆಯ ಮೇಲೆ ಕೀವಿನ ಕಲೆ ಕಂಡ ಮೇಲೆ ಅರಿಶಿನ ಹಚ್ಚಿದರು, ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟು ಬೊಬ್ಬೆಯನ್ನೂ ಬರಿಸಿಕೊಂಡರು. ಬಿಸಿ ತಿಳಿದರೆ ತಾನೆ? ಹೆಬ್ಬೆರಳು ಕಪ್ಪಾದಾಗ ದೊಡ್ಡಾಸ್ಪತ್ರೆ. ಮೊದಲು ಬೆರಳು ತೆಗೆದರು, ಆಮೇಲೆ ಪಾದ, ಆಮೇಲೆ ಮಂಡಿಯ ಕೆಳಗಿನದೆಲ್ಲ. ಅಷ್ಟರಲ್ಲಿ ನಂಜು ರಕ್ತಕ್ಕೇರಿ ಕಿಡ್ನಿಯೂ ಕೈಕೊಟ್ಟಿತ್ತು. ಮರಣ ಪತ್ರದಲ್ಲಿ ಗಾಯವಿಲ್ಲ, ನಂಜಿಲ್ಲ, ಶುಗರ್ ಇಲ್ಲ. ತಾವೊಬ್ಬರೇ! ವೈಕುಂಠ ಸಮಾರಾಧನೆಗೆ ಬಂದವರು ‘ಹಾರ್ಟ್ ಅಂತೆ ಪಾಪ’ ಎನ್ನುತ್ತಾ, ಜೇಬಿನಿಂದ ಶುಗರ್ ಮಾತ್ರೆ ತೆಗೆದು ನುಂಗಿ, ಎರಡನೇ ಸಲ ಪಾಯಸ ಹಾಕಿಸಿಕೊಂಡರು.

ತಾವು ಹೃದಯಾಘಾತದ ಸಾಲಿಗೆ ಸೇರಿದವರೆಂದು ದಯವಿಟ್ಟು ಬೀಗಬೇಡಿ. ಅದು ನಿಜವಾಗಿ ದುಡಿಯುವ ಕಾಯಿಲೆ, ಶುಗರ್‌ನ ಹಳೆಯ ಪಾಲುದಾರ. ಶ್ರೀಮಂತ ದೇಶಗಳಲ್ಲಿ ಸಕ್ಕರೆ ಕಾಯಿಲೆಯವರನ್ನು ಹೆಚ್ಚಾಗಿ ಒಯ್ಯುತ್ತಾ ಬಂದಿರುವುದು ಅದೇ. ನಮ್ಮಂಥ ದೇಶಗಳಲ್ಲಿ ಅದೂ ಉಂಟು, ಜೊತೆಗೆ ಕಾಲಿನ ನಂಜು, ನ್ಯುಮೋನಿಯ, ಡಯಾಲಿಸಿಸ್ಸಿಗೆ ಓಡಾಡುವಷ್ಟರಲ್ಲೇ ಮನೆಯ ದುಡ್ಡು ಮುಗಿಸುವ ಕಿಡ್ನಿ ಕಾಯಿಲೆ. ಸಕ್ಕರೆ ಇದ್ದವರಿಗೆ ಕ್ಷಯ ಬರುವ ಸಂಭವ ಎರಡರಿಂದ ಮೂರು ಪಟ್ಟು. 2021ರ ಕೋವಿಡ್ ಅಲೆಯ ಕಪ್ಪು ಶಿಲೀಂಧ್ರ ರೋಗ ಹುಡುಕಿ ಹಿಡಿದದ್ದೂ ಬಹುಪಾಲು ಇವರನ್ನೇ.

ಟೈಪ್ 1 ಶುಗರ್ ಇರುವ ಮಕ್ಕಳ ವಿಷಯದಲ್ಲಂತೂ ತಮ್ಮ ಕೆಲಸ ಇನ್ನೂ ಹಗುರ. 1922ರಲ್ಲಿ ಟೊರಾಂಟೊದಲ್ಲಿ ಇದೇ ಕಾಯಿಲೆಯ 14 ವರ್ಷದ ಹುಡುಗ ಲಿಯೊನಾರ್ಡ್ ಥಾಂಪ್ಸನ್ ಇನ್ಸುಲಿನ್ ಚುಚ್ಚಿಸಿಕೊಂಡು ಸಾವಿನ ಬಾಯಿಂದ ಎದ್ದುಬಂದ. ಪೇಟೆಂಟ್ ಹೊಂದಿದ್ದವರು ಅದನ್ನು ತಲಾ ಒಂದು ಡಾಲರಿಗೆ ಅಲ್ಲಿನ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟರು. ನೂರು ವರ್ಷ ದಾಟಿದ ಮೇಲೂ ಆಫ್ರಿಕಾದ ಎಷ್ಟೋ ಹಳ್ಳಿಗಳಿಗೆ ಇನ್ಸುಲಿನ್ ಸರಿಯಾಗಿ ತಲುಪಿಲ್ಲ. ನಮ್ಮಲ್ಲಿ ತಲುಪಿದರೂ ಫ್ರಿಜ್ ಇಲ್ಲದ ಮನೆಯವರು ಬಾಟಲಿಯನ್ನು ಮಣ್ಣಿನ ಮಡಕೆಯ ತಂಪಿನಲ್ಲಿ ಕಾಪಾಡಬೇಕು. ವಾಂತಿ, ಹೊಟ್ಟೆನೋವು, ಏದುಸಿರು ಎಂದು ಹೊತ್ತು ತಂದ ಮಗುವಿಗೆ ಮಲೇರಿಯಾ ಎಂದೋ ನ್ಯುಮೋನಿಯ ಎಂದೋ ತಿಳಿದು, ಗ್ಲೂಕೋಸ್ ಬಾಟಲಿ ಏರಿಸುವುದೂ ಉಂಟು. ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು ನೋಡಿದ್ದರೆ ಸಾಕಿತ್ತು. ಆ ಮಗುವಿಗೆ ಏನಾಗಿತ್ತೆಂದು ಹೆತ್ತವರಿಗೆ ಕೊನೆಗೂ ತಿಳಿಯುವುದಿಲ್ಲ.

ತಾವು ಹೊಣೆ ಹೊರುವುದರಿಂದ ಸರ್ಕಾರಕ್ಕೆ ಎಷ್ಟು ಅನುಕೂಲ ನೋಡಿ. ಶುಗರ್‌ನ ಹೆಸರು ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪಾದ ಪರೀಕ್ಷಿಸುವ ನರ್ಸ್, ರಕ್ತ ಪರೀಕ್ಷೆಗೆ ಮುಗಿಯದ ಸ್ಟ್ರಿಪ್, ತಪ್ಪದ ಇನ್ಸುಲಿನ್ ಎಲ್ಲವನ್ನೂ ಜನ ಕೇಳುತ್ತಾರೆ. ತಮ್ಮ ಹೆಸರಿಗೆ ಬಜೆಟ್ಟೇ ಬೇಡ. ಇದು ವೈದ್ಯರು ಕಾರಣ ಬರೆದ ಸಾವುಗಳ ಮಾತು. 2020ರ ಸಾವಿನ ಕಾರಣಗಳ ಸರ್ಕಾರಿ ವರದಿಯಂತೆ, ನೋಂದಣಿಯಾದ ಸಾವುಗಳಲ್ಲಿ ಕಾಲುಭಾಗಕ್ಕೂ ಆ ಭಾಗ್ಯ ಇರಲಿಲ್ಲ. ಉಳಿದವರೆಲ್ಲ ಆಯುಸ್ಸು ತೀರಿ ಹೋದವರು.

ಆದ್ದರಿಂದ ತಾವು ಮೊದಲ ಸಾಲಿನಿಂದ ಕೂಡಲೇ ನಿವೃತ್ತರಾಗಬೇಕೆಂದು ಪ್ರಾರ್ಥನೆ.

ಇತಿ ತಮ್ಮ ವಿಧೇಯ,
ಶುಗರ್ ಇರುವ ಒಬ್ಬ ನಾಗರಿಕ

ಪ್ರತಿಗಳು, ಸೂಕ್ತ ಕ್ರಮಕ್ಕಾಗಿ:

ರಾತ್ರಿ ಪಾಳಿಯ ಕಿರಿಯ ವೈದ್ಯರಿಗೆ: ನಿದ್ದೆಗಣ್ಣಿನಲ್ಲಿದ್ದೀರಿ, ಬಲ್ಲೆ. ಆದರೂ ಮರಣ ಪತ್ರದ ಸಾಲುಗಳಲ್ಲಿ ನಂಜು, ಗ್ಯಾಂಗ್ರೀನ್, ಮಧುಮೇಹ ಎಂದು ಬರೆಯಲು ಒಂದು ನಿಮಿಷವೂ ಬೇಡ.

ಮನೆಯವರಿಗೆ: ಆಸ್ಪತ್ರೆಯಲ್ಲಿ ಸತ್ತವರ ಕಾಯಿಲೆಯ ಹಿನ್ನೆಲೆ ಸಹಿತ ಸಾವಿನ ಕಾರಣದ ಪತ್ರದ ಒಂದು ಪ್ರತಿ ಹತ್ತಿರದ ಸಂಬಂಧಿಗೂ ಸಿಗಬೇಕೆಂದು 2023ರ ಜನನ ಮರಣ ನೋಂದಣಿ ತಿದ್ದುಪಡಿ ಕಾಯ್ದೆ ಹೇಳುತ್ತದೆ. ಕೇಳಿ ಪಡೆಯಿರಿ. ಶುಗರ್ ಇತ್ತು ಎಂದು ಅದರಲ್ಲಿ ಬರೆದಿಲ್ಲದಿದ್ದರೆ, ಸಹಿ ಮಾಡಿದ ವೈದ್ಯರನ್ನು ಏಕೆಂದು ಕೇಳಿ.