ಬೀದಿಯ ಅಗ್ನಿಹೋತ್ರಿಗಳು

ಬಡಾವಣೆ ಎಂದಮೇಲೆ ಒಂದು ಗಣಪತಿ ಗುಡಿ, ಒಂದು ಹಾಲಿನ ಬೂತು, ಒಬ್ಬರು ಅಗ್ನಿಹೋತ್ರಿಗಳು ಇರಲೇಬೇಕು. ಮೈಸೂರಿನ ನಮ್ಮ ಬಡಾವಣೆಯ ಅಗ್ನಿಹೋತ್ರಿಗಳು ಮೂಲೆಮನೆಯವರು. ವೇದಾಧ್ಯಯನ ಮಾಡಿದವರೇನಲ್ಲ, ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್ ಆಗಿದ್ದು ನಿವೃತ್ತರಾದವರು. ಆದರೂ ಬೆಳಗಿನ ಅಗ್ನಿಕಾರ್ಯ ಒಂದು ದಿನ ತಪ್ಪಿದ್ದಿಲ್ಲ. ಪಂಚೆ ಎತ್ತಿಕಟ್ಟಿ, ಮಂಕಿ ಕ್ಯಾಪ್ ಏರಿಸಿ, ನಿನ್ನೆಯ ಪೇಪರಿನ ರಾಜಕೀಯದ ಪುಟಕ್ಕೆ ಕಡ್ಡಿ ಗೀರಿದರೆಂದರೆ ಬೀದಿಯ ಕಿಟಕಿಗಳೆಲ್ಲ ಪಟಪಟನೆ ಮುಚ್ಚಿಕೊಳ್ಳುತ್ತವೆ.

ಕಸದ ಗಾಡಿ ಹಾಡು ಹೇಳಿಕೊಂಡು ಗೇಟಿನ ತನಕ ಬರುತ್ತದಲ್ಲ, ಅದಕ್ಕೇ ಕೊಟ್ಟುಬಿಡಬಹುದಲ್ಲ ಎಂದರೆ ಅವರಿಗೆ ಬೇಸರ. "ಅದು ಕಸದ ಗಾಡಿ ಕಣಯ್ಯಾ. ಇದು ತೋಟದ್ದು!" ಗುಂಡಿ ತೆಗೆದು ಗೊಬ್ಬರ ಮಾಡೋಣವೆಂದರೆ ಹಾವು ಸೇರಿಕೊಳ್ಳುತ್ತದಂತೆ. ಹೊಗೆ ಹಾಕಿದರೆ ಸೊಳ್ಳೆ ಹೋಗುತ್ತದಂತೆ. ಹೋಗುವುದು ನಿಜ, ನಮ್ಮನೆಗೆ. ಇನ್ನೂ ವಾದಿಸಿದರೆ ಅವರ ಅಜ್ಜಿ ಬರುತ್ತಾರೆ: "ನಮ್ಮಜ್ಜಿ ಸೌದೆ ಒಲೆ ಊದಿ ಊದಿಯೇ ತೊಂಬತ್ತು ವರ್ಷ ಬದುಕಿದ್ರು." ಕೆಮ್ಮುತ್ತಾ ಬದುಕಿದ್ದರೇ, ಕೆಮ್ಮದೆಯೇ ಎಂದು ಹಿರಿಯರ ವಿಷಯದಲ್ಲಿ ಕೇಳಲಾಗದು.

ಬರೀ ತೆಂಗಿನ ಗರಿ, ಹೊಂಗೆ ಎಲೆಯಾಗಿದ್ದರೆ ನಾವೂ ಸುಮ್ಮನಿರುತ್ತಿದ್ದೆವೇನೋ. ಇವರ ಸಮಿತ್ತುಗಳ ಪಟ್ಟಿಯೇ ಬೇರೆ. ಕಾಂಪೌಂಡಿನುದ್ದಕ್ಕೂ ಕಣಗಿಲೆ. ದನ ಬಾಯಿ ಹಾಕುವುದಿಲ್ಲವೆಂದು ಹೆದ್ದಾರಿಯ ನಡುವೆ ನೆಡುತ್ತಾರಲ್ಲ, ಅದೇ. ಅದರ ಬೇರು, ತೊಗಟೆ, ಎಲೆ, ಹೂವು ಯಾವುದರಲ್ಲಿಯೂ ವಿಷ ತಪ್ಪಿದ್ದಲ್ಲ. ಎದೆಬಡಿತದ ತಾಳವನ್ನೇ ಕೆಡಿಸುವ ಓಲಿಯಾಂಡ್ರಿನ್ ಒಣಗಿದ ಎಲೆಯಲ್ಲೂ ಉಳಿದಿರುತ್ತದೆ, ಸುಟ್ಟ ಹೊಗೆಯನ್ನೂ ಕುಡಿಯಬಾರದು. ಇದನ್ನು ವಿನಯದಿಂದಲೇ ತಿಳಿಸಿದೆ.

"ಶಿವನಿಗೆ ಪ್ರಿಯವಾದ ಹೂವಪ್ಪ. ನಿನಗೇನು ಕಷ್ಟ?"

"ಅವನು ಹಾಲಾಹಲವನ್ನೇ ಗಂಟಲಲ್ಲಿ ನಿಲ್ಲಿಸಿಕೊಂಡವನು ಸಾರ್. ನಮಗೆ ನೇರ ಒಳಕ್ಕಿಳಿಯುತ್ತೆ."

"ನಂಬಿಕೆ ಇರಬೇಕು," ಎಂದು ಇನ್ನೊಂದು ಕಟ್ಟು ಹಾಕಿದರು. ಅದರಲ್ಲಿ ದತ್ತೂರಿಯಿತ್ತು. ಅದಕ್ಕೂ ಅವರ ಬಳಿ ಆಧಾರವುಂಟು: ಹಿಂದೆ ಉಬ್ಬಸಕ್ಕೆ ದತ್ತೂರಿಯ ಸೊಪ್ಪು ಸೇದಿಸುತ್ತಿದ್ದರು. ಸುಳ್ಳಲ್ಲ, ದತ್ತೂರಿ ತುಂಬಿದ ಸಿಗರೇಟನ್ನೇ ಒಂದು ಕಾಲದಲ್ಲಿ ಮಾರುತ್ತಿದ್ದರು. ಅಳತೆ ತಪ್ಪಿದರೆ ಅದೇ ಸೊಪ್ಪು ಬಾಯಿ ಒಣಗಿಸಿ, ಕಣ್ಣಿನ ಪಾಪೆ ಅಗಲಿಸಿ, ಬುದ್ಧಿಭ್ರಮೆ ಹಿಡಿಸುತ್ತದೆ. ಬೀದಿಗೆಲ್ಲ ಒಟ್ಟಿಗೆ ಔಷಧ ಕೊಡುವ ವೈದ್ಯರನ್ನು ನಾನು ಇಲ್ಲಿಯೇ ಕಂಡದ್ದು.

ಕಾಂಗ್ರೆಸ್ ಗಿಡದ ದಿನ ಮಾತ್ರ ಅವರು ಬಹಳ ಹುಷಾರು. ಮಗಳು ಕಳಿಸಿದ ಕೈಗವಸು ತೊಟ್ಟೇ ಕೀಳುತ್ತಾರೆ. ಮುಟ್ಟಿದರೆ ತುರಿಕೆ, ಪರಾಗ ಮೂಗಿಗೆ ಹೋದರೆ ಸೀನು, ಉಬ್ಬಸ, ಎಲ್ಲವನ್ನೂ ನನಗೇ ಪಾಠ ಹೇಳುತ್ತಾರೆ. ಹೀಗೆ ಜೋಪಾನವಾಗಿ ಕಿತ್ತದ್ದನ್ನು ಹೂವಿನ ಸಮೇತ ಬೆಂಕಿಗೆ ಸುರಿದು, ಕೈಗವಸು ಬಿಚ್ಚಿ, ಸೋಪು ಹಾಕಿ ಕೈ ತೊಳೆಯುತ್ತಾರೆ.

"ಇದು ನ್ಯಾಚುರಲ್ ಹೊಗೆ ಕಣಯ್ಯಾ, ಲಾರಿ ಹೊಗೆಯಲ್ಲ." ಶ್ವಾಸಕೋಶ ಹೊಗೆಯ ಕುಲಗೋತ್ರ ವಿಚಾರಿಸುವುದಿಲ್ಲ ಎಂಬುದನ್ನು ಅವರಿಗೆ ಹೇಗೆ ತಿಳಿಸುವುದು? ಸೊಪ್ಪಿನ ಹೊಗೆಯಲ್ಲೂ 2.5 ಮೈಕ್ರಾನಿಗಿಂತ ಸಣ್ಣ ಕಣಗಳಿರುತ್ತವೆ. ಕೂದಲೆಳೆಯನ್ನು ಇಪ್ಪತ್ತು ಪಾಲು ಸೀಳಿದರೂ ಅಷ್ಟು ಸಣ್ಣಗಾಗದು. ಮೂಗಿನ ಕಾವಲು ತಪ್ಪಿಸಿಕೊಂಡು ಅವು ಎದೆಯಾಳಕ್ಕೆ ಇಳಿಯುತ್ತವೆ. ಸೊಪ್ಪು ಹಸಿಯಾಗಿದ್ದರೆ ಉರಿಯುವುದಕ್ಕಿಂತ ಹೊಗೆಯಾಡುವುದೇ ಹೆಚ್ಚು, ಕಾರ್ಬನ್ ಮಾನಾಕ್ಸೈಡೂ ಹೆಚ್ಚು. ಇವರೋ ಬೆಂಕಿ ಜೋರಾಗದಿರಲೆಂದು ಮೇಲಿಷ್ಟು ನೀರು ಬೇರೆ ಚಿಮುಕಿಸುತ್ತಾರೆ! ಧನುರ್ಮಾಸದ ಚಳಿಯಲ್ಲಂತೂ ನೆಲದ ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳ ಹಾಕಿದಂತೆ ಕೂತು, ಹೊಗೆ ಮೇಲೇರದೆ ಪಕ್ಕದ ಮನೆಯ ಉಬ್ಬಸದ ಹುಡುಗಿಯ ಕೋಣೆಗೆ ಹೋಗುತ್ತದೆ. ಆ ಮಗುವಿನ ಇನ್‌ಹೇಲರ್ ನೋಡಿ ಅವರು ನಿಜಕ್ಕೂ ಮರುಗಿದರು. "ಪಾಪ, ಈಗಿನ ಮಕ್ಕಳಿಗೆ ಶಕ್ತಿಯೇ ಇಲ್ಲ. ಬೆಳಗ್ಗೆ ಎದ್ದು ಪ್ರಾಣಾಯಾಮ ಮಾಡಲಿ."

ಕೊನೆಗೆ ಕಾನೂನು ಹಿಡಿದು ಹೋದೆ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25,000 ದಂಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ಆದೇಶಿಸಿದೆ. ಸೂಪರಿಂಟೆಂಡೆಂಟರು ಕನ್ನಡಕ ತರಿಸಿ, ಆದೇಶದ ಪ್ರತಿಯನ್ನು ಸಾಲುಸಾಲಾಗಿ ಓದಿ, ಸಮಾಧಾನದಿಂದ ತಲೆಯಾಡಿಸಿದರು. "ಹಾಗಾದ್ರೆ ನಾನು ಕೆಳಗಿನ ಸ್ಲ್ಯಾಬಲ್ಲಿ ಬರ್ತೀನಿ."

ಮರುದಿನ ಮಧ್ಯಾಹ್ನ ಅವರೇ ನಮ್ಮ ಗೇಟು ತಟ್ಟಿದರು. ಮುಖ ಗಂಭೀರವಾಗಿತ್ತು. ಮನಸ್ಸು ಕರಗಿತೇನೋ ಎಂದು ಕುರ್ಚಿ ಹಾಕಿದೆ.

"ತಪ್ಪು ತಿಳ್ಕೋಬೇಡ. ನಿಮ್ಮನೆ ಒಗ್ಗರಣೆಯ ಮೆಣಸಿನಕಾಯಿ ಘಾಟು ನಮ್ಮ ಹಾಲ್‌ವರೆಗೂ ಬರುತ್ತೆ. ನಮ್ಮವಳಿಗೆ ಒಂದೇ ಸಮ ಕೆಮ್ಮು. ಅಡುಗೆಮನೆಗೊಂದು ಚಿಮಣಿ ಹಾಕಿಸಬಾರದೇನಯ್ಯಾ?"