ಇಪ್ಪತ್ತೆಂಟು ದಿನದ ತಿಂಗಳಿನವ

ಹಿರೇಕೆರೂರು ತಾಲ್ಲೂಕಿನ ಯಾವ ಊರಿಗೆ ಹೋದರೂ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಮಾಡುವ ಮಗನೊಬ್ಬ ಇದ್ದೇ ಇರುತ್ತಾನೆ. ಅವನು ಅಲ್ಲಿ ಏನು ಮಾಡುತ್ತಾನೆಂಬುದು ಊರಿಗೆ ಗೊತ್ತಿರುವುದಿಲ್ಲ, ಅದೇ ಅವನ ಪುಣ್ಯ. ‘ಕಂಪ್ಯೂಟರ್‌ನ್ಯಾಗ ಅದಾನ’ ಅಂದರೆ ಮಾತು ಮುಗಿಯಿತು. ನಮ್ಮ ಹಂಸಭಾವಿಯ ಹುಡುಗ ಮಾತ್ರ ಒಂದು ದೀಪಾವಳಿಗೆ ಬಂದವನು ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಬಾಯಿಜಾರಿ ನಿಜ ಹೇಳಿಬಿಟ್ಟ: “ಮೊಬೈಲ್‌ನ್ಯಾಗ ರೊಕ್ಕ ಕಟ್ ಆಗ್ತೈತಲ್ಲ ಕಾಕಾ, ಆ ಕಟ್ ಮಾಡೋ ಸಾಫ್ಟ್‌ವೇರ್ ನಾವ ಬರಿಯೋದು.”

ಬೆಂಚಿನ ತುದಿಯಲ್ಲಿದ್ದ ಹಿರಿಯರು ಲೋಟ ಕೆಳಗಿಟ್ಟು ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. “ಓಹೋ, ಅಂವ ನೀನ ಏನು?”

ಹಂಸಭಾವಿಯಲ್ಲಿ ಅದುವರೆಗೆ ಯಾರ ಮೊಬೈಲಿನಿಂದ ಎಷ್ಟು ರೊಕ್ಕ ಯಾವ ಕಾರಣಕ್ಕೆ ಹೋಗಿತ್ತೋ ಅದಷ್ಟೂ ಆ ಕ್ಷಣದಿಂದ ಇವನ ಖಾತೆಗೆ ಬಿತ್ತು. ಕೇಳದೇ ಅಂಟಿಕೊಂಡ ಕಾಲರ್ ಟ್ಯೂನು, ಯಾರೂ ಬಯಸದ ಕ್ರಿಕೆಟ್ ಸ್ಕೋರು, ದಿನಭವಿಷ್ಯದ ಮೆಸೇಜು. ತನ್ನ ಕಂಪನಿ ಮಾಲು ಮಾರುವುದು ಆಫ್ರಿಕದ ಕಡೆಯ ಮೊಬೈಲ್ ಕಂಪನಿಗಳಿಗೆ, ನಿಮ್ಮ ಸಿಮ್ಮಿಗೂ ತನಗೂ ಸಂಬಂಧವೇ ಇಲ್ಲ ಎಂದು ಆತ ಬಡಕೊಂಡ. “ಅಂದ್ರ ನಮ್ಮ ರೊಕ್ಕ ಆಫ್ರಿಕಾಕ್ಕ ಹೋಗೇತಿ ಅನ್ನು” ಎಂದು ಹೂವಿನ ಬುಟ್ಟಿಯ ಅಜ್ಜಿ ಷರಾ ಬರೆದುಬಿಟ್ಟಳು.

ಹುಡುಗ ಕೆಟ್ಟವನಲ್ಲ. ಊರಿನ ಮೃತ್ಯುಂಜಯ ವಿದ್ಯಾಪೀಠದಲ್ಲಿ ಓದಿ, ಹಾವೇರಿ ಹತ್ತಿರದ ದೇವಗಿರಿಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಮುಗಿಸಿ ಬೆಂಗಳೂರು ಬಸ್ಸು ಹತ್ತಿದವನು. ಮೊದಲು ನಮ್ಮ ಹಾಗೆಯೇ ಇದ್ದ. ಹತ್ತಿಪ್ಪತ್ತು ರೂಪಾಯಿ ಕೈಯಿಂದ ಜಾರಿದರೆ ‘ಹೋಗ್ಲಿ ಬಿಡು’ ಅನ್ನುತ್ತಿದ್ದ. ಬಿಲ್ಲಿಂಗಿಗೆ ಸೇರಿದ ಮೇಲೆ ಪೈಸೆಯ ಜ್ವರ ಹತ್ತಿತು. ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳನ್ನು ಸರ್ಕಾರ 2011ರ ಜೂನ್ 30ಕ್ಕೇ ಚಲಾವಣೆಯಿಂದ ತೆಗೆಯಿತು. ನಮ್ಮ ಸಂತೆಯಲ್ಲಿ ಈಗ ರೂಪಾಯಿಗೇ ಕಿಮ್ಮತ್ತಿಲ್ಲ, ಚಿಲ್ಲರೆಗೆ ಬದಲು ಬೆಂಕಿಪೊಟ್ಟಣ ಕೊಡುತ್ತಾರೆ. ಪೈಸೆ ಇನ್ನೂ ಜೀವ ಹಿಡಿದುಕೊಂಡಿರುವುದು ಇವನ ಕಂಪ್ಯೂಟರಿನ ಒಳಗೆ. ಅಲ್ಲಿ ಒಂದು ಕರೆಗೆ ಒಂದೇ ಪೈಸೆ ತಪ್ಪಿದರೂ ಒಂದು ಕೋಟಿ ಕರೆಗೆ ಒಂದು ಲಕ್ಷ ರೂಪಾಯಿ. ಅರ್ಧ ಪೈಸೆಯನ್ನು ಮೇಲಕ್ಕೆ ಏರಿಸಬೇಕೋ ಕೆಳಕ್ಕೆ ಇಳಿಸಬೇಕೋ ಎಂಬುದರ ಮೇಲೆ ಇವರು ವಾರಗಟ್ಟಲೆ ಮೀಟಿಂಗ್ ಮಾಡುತ್ತಾರಂತೆ. ಸಾಲದ ಮೇಲೆ ಅಷ್ಟೆಲ್ಲ ಹೇಳಿದ ಸರ್ವಜ್ಞನ ಅಬಲೂರು ಇದೇ ತಾಲ್ಲೂಕಿನದು. ಅವನಿಗೂ ಅರ್ಧ ಪೈಸೆಯ ಚಿಂತೆ ಬಂದಂತಿಲ್ಲ.

ಈ ತಳಿಯ ಇಂಜಿನಿಯರನ್ನು ದೂರದಿಂದಲೇ ಗುರುತಿಸಬಹುದು. ಅವನ ದಿನ ರಾತ್ರಿ ಹನ್ನೆರಡಕ್ಕೆ ಮುಗಿಯುವುದಿಲ್ಲ, 23:59:59ಕ್ಕೆ ಮುಗಿಯುತ್ತದೆ. “ಎಂದ ಹೊಂಟಿ ತಮ್ಮಾ?” ಅಂದರೆ “ರವಿವಾರದ ತನಕ ವ್ಯಾಲಿಡಿಟಿ ಐತಿ” ಅನ್ನುತ್ತಾನೆ. ಖಾನಾವಳಿಯ ಹಲಗೆಯ ಮೇಲೆ ‘ರೊಟ್ಟಿ ಊಟ ಅನ್‌ಲಿಮಿಟೆಡ್’ ಎಂದು ಕಂಡರೆ ಒಳಗೆ ಹೋಗುವ ಮೊದಲು ಗಲ್ಲೆಯ ಮೇಲಿದ್ದವನನ್ನು ಕೇಳುತ್ತಾನೆ: “ಎಷ್ಟ್ ರೊಟ್ಟಿ ಆದಮ್ಯಾಲ ಸ್ಪೀಡ್ ಕಮ್ಮಿ ಮಾಡ್ತೀರಿ?” ಮೂರನೆಯ ರೊಟ್ಟಿಯ ನಂತರ ಬಡಿಸುವವನು ಈ ಕಡೆ ತಿರುಗಿ ನೋಡದಿದ್ದಾಗ ಅವನ ಮುಖದಲ್ಲಿ ಕಾಣುವುದು ಸಿಟ್ಟಲ್ಲ, ತೃಪ್ತಿ.

ಮನೆಯಲ್ಲಿ ಕೂತು ಕೆಲಸ ಮಾಡಿದ ಕೊರೋನಾ ಕಾಲದಲ್ಲಿ ಅವ್ವನಿಗೆ ತನ್ನ ವಿದ್ಯೆ ತಿಳಿಸಲು ನೋಡಿದ. ನೀನು ಮೊಬೈಲಿನಲ್ಲಿ ವಿಡಿಯೋ ತೆರೆದ ಕೂಡಲೇ ನೆಟ್‌ವರ್ಕು ನಮ್ಮ ಚಾರ್ಜಿಂಗ್ ಸಿಸ್ಟಮ್ಮನ್ನು ‘ಈಕೆಗೆ ಕೊಡಬಹುದೋ?’ ಎಂದು ಕೇಳುತ್ತದೆ. ನಾವು ಬ್ಯಾಲೆನ್ಸ್ ನೋಡಿ ಸ್ವಲ್ಪೇ ಸ್ವಲ್ಪ ಡೇಟಾ ಮಂಜೂರು ಮಾಡಿ, ಅಷ್ಟನ್ನು ಬೇರೆಯವರು ಮುಟ್ಟದ ಹಾಗೆ ಬದಿಗೆ ಎತ್ತಿಡುತ್ತೇವೆ. ಅದು ತೀರಿದರೆ ಮತ್ತೆ ಕೇಳುತ್ತದೆ, ಮತ್ತೆ ಕೊಡುತ್ತೇವೆ. ನೀನು ನಡುವೆ ನಿಲ್ಲಿಸಿದರೆ ಬಳಸದೇ ಉಳಿದದ್ದು ನಿನಗೇ ವಾಪಸ್. ಇದೆಲ್ಲ ಕಣ್ಣು ಮಿಟುಕಿಸುವುದರೊಳಗೆ, ಲಕ್ಷಾಂತರ ಜನರಿಗೆ ಒಮ್ಮೆಲೇ ನಡೆಯುತ್ತದೆ.

ಅವ್ವ ಹಿಟ್ಟು ನಾದುತ್ತಲೇ ಕೇಳಿದಳು: “ಉಳಿದದ್ದು ವಾಪಸ್ ಕೊಡ್ತೀರಿ?”

“ಕೊಡ್ತೀವಿ.”

“ಹಂಗಾರ ನಿನ್ನಿ ರಾತ್ರಿ ನನ್ನ ಒಂದೂವರಿ ಜಿಬಿಯೊಳಗ ಒಂದ ಉಳಿದಿತ್ತು. ಮುಂಜಾನಿ ನೋಡಿದ್ರ ಇಲ್ಲ.”

ಅದು ಬೇರೆ ನಿಯಮ, ದಿನದ ಕೋಟಾ 23:59:59ಕ್ಕೆ ಸಾಯುತ್ತದೆ ಎಂದು ಹೇಳಲು ಹೋದ. ಅವ್ವ ರೊಟ್ಟಿ ಬಡಿಯತೊಡಗಿದಳು. ಆ ಸದ್ದಿನಲ್ಲಿ ಯಾವ ಟ್ಯಾರಿಫ್ ಪ್ಲಾನೂ ಕೇಳಿಸುವುದಿಲ್ಲ.

ಅಪ್ಪನ ತಕರಾರು ಇನ್ನೂ ಆಳದ್ದು. ಗೋವಿನಜೋಳ ಬೆಳೆಯುವ ಮನುಷ್ಯ, ಪಂಚಾಂಗ ನೋಡದೆ ಬೀಜ ಹೊರಗೆ ತೆಗೆಯುವುದಿಲ್ಲ. “ಅಮಾಸಿಯಿಂದ ಅಮಾಸಿಗೆ ಇಪ್ಪತ್ತೊಂಬತ್ತೂವರಿ ದಿನ. ಇಂಗ್ಲಿಷ್ ತಿಂಗಳಿಗೆ ಮೂವತ್ತು, ಮೂವತ್ತೊಂದು. ನಿಮ್ಮ ರೀಚಾರ್ಜಿನ ಈ ಇಪ್ಪತ್ತೆಂಟು ದಿನದ ತಿಂಗಳು ಯಾವ ಪಂಚಾಂಗದಾಗ ಐತೋ?” ಮಗ ಬಾಯಿ ತೆರೆಯುವ ಮೊದಲೇ ಅಪ್ಪ ಲೆಕ್ಕ ಮುಗಿಸಿದ್ದರು. ಇಪ್ಪತ್ತೆಂಟನ್ನು ಹದಿಮೂರರಿಂದ ಗುಣಿಸಿದರೆ 364. ಅಲ್ಲಿಗೆ ವರ್ಷಕ್ಕೆ ಹದಿಮೂರು ರೀಚಾರ್ಜು. ನಮ್ಮ ಪಂಚಾಂಗದಲ್ಲಿ ಅಧಿಕ ಮಾಸ ಬರುವುದು ಮೂರು ವರ್ಷಕ್ಕೊಂದು ಸಲ, ಮೊಬೈಲಿನಲ್ಲಿ ವರ್ಷಾ ವರ್ಷಾ. “ಅಧಿಕ ಮಾಸದಾಗ ಅಳಿಯಗ ಉಡುಗೊರಿ ಕೊಡಬೇಕು. ಇಲ್ಲಿ ಕಂಪನೀನ ಅಳಿಯ ಆಗಿ ಕುಂತೈತಿ.” 2022ರ ಜನವರಿಯಲ್ಲಿ ಟೆಲಿಕಾಂ ನಿಯಂತ್ರಕ ಟ್ರಾಯ್ ಆದೇಶ ಹೊರಡಿಸಿದೆ, ಮೂವತ್ತು ದಿನದ ಪ್ಲಾನನ್ನೂ ಪ್ರತಿ ಕಂಪನಿ ಇಡಲೇಬೇಕು ಎಂದು ಮಗ ಸಮಜಾಯಿಷಿ ಕೊಟ್ಟ. “ಇಟ್ಟಿರಬೇಕು. ಅಂಗಡಿಯವ ಅದನ್ನ ತೋರಿಸ್ಬೇಕಲ್ಲ” ಎಂದು ಅಪ್ಪ ಹೊಲಕ್ಕೆ ಹೋದರು. ಅಂದಿನಿಂದ ಮನೆಯಲ್ಲಿ ಅವನಿಗೆ ‘ಇಪ್ಪತ್ತೆಂಟು ದಿನದ ತಿಂಗಳಿನವ’ ಎಂದೇ ಹೆಸರು.

ಹಾಗೆಂದು ಅವನಿಗೆ ಊರಿನ ಮೇಲೆ ಅಭಿಮಾನ ಕಡಿಮೆಯಲ್ಲ. ಸರ್ಕಾರದ ಟೆಲಿಕಾಂ ಸಂಸ್ಥೆ ಸಿ-ಡಾಟ್ ಮಾಡಿದ ಮೊದಲ ಹಳ್ಳಿ ಎಕ್ಸ್‌ಚೇಂಜು 1986ರಲ್ಲಿ ಕೂತದ್ದು ಧಾರವಾಡ ದಾಟಿದರೆ ಸಿಗುವ ಕಿತ್ತೂರಿನಲ್ಲಿ ಎಂಬುದನ್ನು ಬೆಂಗಳೂರಿನ ಸಹೋದ್ಯೋಗಿಗಳಿಗೆ ಎಷ್ಟು ಸಲ ಹೇಳಿದ್ದಾನೋ. ಆದರೆ ಅವನು ನಿಜವಾಗಿ ಕೈಮುಗಿಯುವುದು ಮಿಸ್ಡ್ ಕಾಲ್ ಕಂಡುಹಿಡಿದವರಿಗೆ. ಅವರಲ್ಲಿ ಅರ್ಧ ಜನ ಹಂಸಭಾವಿಯವರೇ ಎಂಬುದು ಅವನ ನಂಬಿಕೆ. ಫೋನು ರಿಂಗಾಗುವಾಗ ಟವರು ದುಡಿಯುತ್ತದೆ, ಎಕ್ಸ್‌ಚೇಂಜು ದುಡಿಯುತ್ತದೆ. ಆದರೂ ಆ ಕಡೆಯವರು ಎತ್ತುವವರೆಗೆ ಮೀಟರು ಓಡುವುದಿಲ್ಲ. ಈ ಗುಟ್ಟನ್ನು ಯಾವ ಮ್ಯಾನ್ಯುವಲ್ಲೂ ಓದದೆ ನಮ್ಮ ಹೆಣ್ಣುಮಕ್ಕಳು ಹಿಡಿದಿದ್ದರು. ಒಂದು ರಿಂಗಾದರೆ ಮುಟ್ಟಿದೆ, ಎರಡಾದರೆ ಬುತ್ತಿ ಕಳಿಸು, ಮೂರಾದರೆ ನೀನೇ ಮಾಡು. ಅದಕ್ಕೂ ಹಿಂದೆ ಎಸ್‌ಟಿಡಿ ಬೂತಿನ ಕೆಂಪು ಅಂಕಿಗಳನ್ನೇ ದಿಟ್ಟಿಸುತ್ತ, ಪಲ್ಸ್ ಬದಲಾಗುವ ಒಂದು ಕ್ಷಣ ಮೊದಲು ‘ಇಡ್ತೀನಿ’ ಅಂದವರೂ ಇವರೇ. 2009ರಲ್ಲಿ ಟಾಟಾ ಡೊಕೊಮೊ ಸೆಕೆಂಡಿಗೊಂದು ಪೈಸೆ ಎಂದಾಗ ದೇಶವೆಲ್ಲ ಬೆರಗಾಯಿತು. ನಮ್ಮೂರಿನವರು ಸೆಕೆಂಡು ಎಣಿಸುವುದನ್ನು ಆಗಲೇ ಕಲಿತು ಮರೆತಿದ್ದರು.

ಮುಂದೆ ದೊಡ್ಡ ದೊಡ್ಡ ಕಂಪನಿಗಳೇ ಅವ್ವನ ದಾರಿ ಹಿಡಿದವು ಎಂದು ಹೇಳುವಾಗ ಅವನ ಕಣ್ಣು ಹೊಳೆಯುತ್ತದೆ. ಒಂದು ಕಂಪನಿಯ ಗಿರಾಕಿ ಇನ್ನೊಂದರ ಗಿರಾಕಿಗೆ ಫೋನು ಮಾಡಿದರೆ, ಮಾಡಿದ ಕಡೆಯ ಕಂಪನಿ ಎತ್ತಿದ ಕಡೆಯ ಕಂಪನಿಗೆ ನಿಮಿಷಕ್ಕೆ ಆರು ಪೈಸೆ ತೆರಬೇಕಿತ್ತು. ರಿಂಗಾಗುವ ಹೊತ್ತನ್ನು ಮೊಟಕು ಮಾಡಿದರೆ? ಎತ್ತುವ ಮೊದಲೇ ಕಟ್ಟಾಗುತ್ತದೆ, ಆ ಕಡೆಯವರು ತಿರುಗಿ ಮಾಡುತ್ತಾರೆ, ಆರು ಪೈಸೆ ಈ ಕಡೆ ಹರಿಯುತ್ತದೆ. ಹೀಗೆ ಮಾಡುತ್ತಿದ್ದೀರಿ ಎಂದು ಕೋಟ್ಯಧೀಶರು ಒಬ್ಬರ ಮೇಲೊಬ್ಬರು ದೂರಿಕೊಂಡು, ಕಡೆಗೆ 2019ರ ನವೆಂಬರಿನಲ್ಲಿ ಟ್ರಾಯ್ ನಡುವೆ ಬಂದು ಮೊಬೈಲು ಮೂವತ್ತು ಸೆಕೆಂಡು, ಲ್ಯಾಂಡ್‌ಲೈನು ಅರವತ್ತು ಸೆಕೆಂಡು ರಿಂಗಾಗಲಿ ಎಂದು ಪಂಚಾಯಿತಿ ಮುಗಿಸಿತು. ಆ ಆರು ಪೈಸೆಯೂ 2021ರ ಜನವರಿ 1ರಿಂದ ಇಲ್ಲವಾಯಿತು. ಈಗ ಮಾತು ಪುಕ್ಕಟೆ, ಆದರೂ ಅವ್ವ ಒಂದೇ ರಿಂಗು ಕೊಡುತ್ತಾಳೆ. ಮಗ ಎತ್ತಿದರೆ ಬೈಯುತ್ತಾಳೆ.

ಇಂಥವನನ್ನು ಊರು ಸುಮ್ಮನೆ ಬಿಡುತ್ತದೆಯೇ? ಸೋದರಮಾವನ ಮಗಳ ಮದುವೆಯಲ್ಲಿ ಆಯೇರಿ, ಅಂದರೆ ಉಡುಗೊರೆಯ ರೊಕ್ಕ, ಬರೆಯಲು ಅವನನ್ನೇ ಕೂರಿಸಿದರು. ಬಿಲ್ಲಿನ ಹುಡುಗನಿದ್ದಾಗ ಬೇರೆಯವರು ಯಾಕೆ? ವರ್ಷಾನುಗಟ್ಟಲೆ ಕೆಂಪು ಬಟ್ಟೆಯ ಹೊದಿಕೆಯ ಪುಸ್ತಕದಲ್ಲಿ ಆಯೇರಿ ಬರೆಯುತ್ತಿದ್ದ ಹಿರಿಯರು ಪಕ್ಕದ ಕುರ್ಚಿಗೆ ಸರಿದು ಎಲೆಯಡಿಕೆ ಬಾಯಿಗೆ ಹಾಕಿಕೊಂಡರು. ಇವನು ಲ್ಯಾಪ್‌ಟಾಪ್ ತೆರೆದ. ಹೆಸರು, ಊರು, ಮೊತ್ತ, ಗಂಟೆ-ನಿಮಿಷ. ಒಂದು ಸಾಲು ತುಂಬಿದ ಕೂಡಲೇ ಪಕ್ಕದ ಪರದೆಯಲ್ಲಿ ಮೂಡುತ್ತದೆ, ಮೈಕಿನವನು ಓದುತ್ತಾನೆ. ಜನ ಊಟ ಬಿಟ್ಟು ನೋಡಲು ಬಂದರು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಅವನ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಒಂದೇ ಕರೆಯ ದಾಖಲೆ ಕೆಲವೊಮ್ಮೆ ಎಕ್ಸ್‌ಚೇಂಜಿನಿಂದ ಎರಡು ಸಲ ಬಂದುಬಿಡುತ್ತದೆ. ಎರಡಕ್ಕೂ ಬಿಲ್ಲು ಹಾಕಿದರೆ ಗಿರಾಕಿ ಕೋರ್ಟಿಗೆ ಹೋಗುತ್ತಾನೆ. ಆದ್ದರಿಂದ ನಂಬರು, ಹೊತ್ತು, ಅವಧಿ ತಾಳೆಯಾದರೆ ಎರಡನೆಯದನ್ನು ಸಿಸ್ಟಮ್ಮು ತಾನೇ ಕಿತ್ತೆಸೆಯುತ್ತದೆ. ಅದೇ ನಿಯಮವನ್ನು ಆಯೇರಿಗೂ ಇಟ್ಟ: ಹೆಸರು, ಊರು, ಮೊತ್ತ ಒಂದೇ ಆಗಿ, ಐದು ನಿಮಿಷದೊಳಗೆ ಮತ್ತೆ ಬಂದರೆ ರದ್ದು.

ನಮ್ಮ ಕಡೆ ಮೊಮ್ಮಕ್ಕಳಿಗೆ ಅಜ್ಜನ ಹೆಸರಿಡುತ್ತಾರೆ. ಅಣ್ಣನ ಮಗನಿಗೂ ಅದೇ ಹೆಸರು, ತಮ್ಮನ ಮಗನಿಗೂ ಅದೇ ಹೆಸರು, ಅಡ್ಡಹೆಸರಂತೂ ಒಂದೇ. ಚಿಕ್ಕೇರೂರಿನಿಂದ ಒಂದೇ ಟ್ರ್ಯಾಕ್ಟರಿನಲ್ಲಿ ಬಂದ ಅಂಥ ಇಬ್ಬರು ಒಬ್ಬರ ಹಿಂದೊಬ್ಬರು ನಿಂತು 501 ರೂಪಾಯಿ ಬರೆಸಿದರು. ಮೈಕು ಒಬ್ಬನನ್ನು ಕೂಗಿತು. ಅವನು ಎದೆಯುಬ್ಬಿಸಿ ಊಟದ ಪಂಕ್ತಿಗೆ ಹೋದ. ಇನ್ನೊಬ್ಬ ಚಪ್ಪರದ ಕಂಬಕ್ಕೆ ಒರಗಿ ತನ್ನ ಹೆಸರಿಗೆ ಕಾದ. ಕಾದು ಕಾದು, ಕೈತೊಳೆಯದೆ, ಹೋಳಿಗೆ ಮುಟ್ಟದೆ ಬಸ್ಸು ಹತ್ತಿದ.

ರಾತ್ರಿ ಲೆಕ್ಕ ತಾಳೆ ನೋಡಿದರೆ ಪೆಟ್ಟಿಗೆಯಲ್ಲಿ 501 ರೂಪಾಯಿ ಹೆಚ್ಚು. ಹೆಚ್ಚಾದರೆ ಒಳ್ಳೆಯದೇ ಆಯಿತಲ್ಲ ಎಂದರು ಮನೆಯವರು. ಕಡಿಮೆ ಬಿದ್ದದ್ದಕ್ಕಿಂತ ಹೆಚ್ಚು ಬಿದ್ದದ್ದೇ ಅವನ ಕಸುಬಿನಲ್ಲಿ ದೊಡ್ಡ ಅಪರಾಧ. ಎಲ್ಲರೂ ಮಲಗಿದ ಮೇಲೂ ಮಂಟಪದ ಮೂಲೆಯಲ್ಲಿ ಲ್ಯಾಪ್‌ಟಾಪಿನ ಬೆಳಕಿನಲ್ಲಿ ಸಾಲು ಸಾಲು ಜಾಲಾಡಿದ. ಬೆಳಗಿನ ಜಾವ ಬಚ್ಚಲಿಗೆ ಎದ್ದ ಎಲೆಯಡಿಕೆಯ ಹಿರಿಯರು ನಿಂತಲ್ಲಿಂದಲೇ ಹೇಳಿದರು: “ದೊಡ್ಡಾಂವನ್ನ ಬರದೀ, ಸಣ್ಣಾಂವನ್ನ ಬಿಟ್ಟಿ. ನಮ್ಮ ಪುಸ್ತಕದಾಗ ದೊಡ್ಡಾಂವಗ ‘ಕೆರಿ ಹೊಲದಾಂವ’, ಸಣ್ಣಾಂವಗ ‘ಎರಡೆಮ್ಮಿಯಾಂವ’ ಅಂತ ಬರಿತಿದ್ದೆ.” ಅಷ್ಟು ಹೇಳಿ ಬಚ್ಚಲಿಗೆ ಹೋದರು.

ರೊಕ್ಕ ವಾಪಸ್ ಕೊಡುತ್ತೇವೆಂದು ಸಣ್ಣವನ ಮನೆಗೆ ಹೋದರೆ ಬಾಗಿಲಲ್ಲೇ ನಿಲ್ಲಿಸಿದ. ಬಿಲ್ಲಿನಲ್ಲಿ ಸರಿಪಡಿಸಿ ರಸೀದಿ ಕೊಡುತ್ತೇನೆ ಎಂದರೂ ಕೇಳಲಿಲ್ಲ. ಅವನಿಗೆ ಬೇಕಾದದ್ದು ಮೈಕು. ಸೋದರಮಾವನೇ ಹೋಗಿ ಕಾಲು ಹಿಡಿಯುವಷ್ಟು ಬಾಗಿ ಒಂದು ಮಾತು ಕೊಟ್ಟು ಬಂದರು.

ಮರುವರ್ಷ ಅದೇ ಮಗಳ ಕೂಸಿನ ತೊಟ್ಟಿಲ ಕಾರ್ಯಕ್ರಮ. ಕೆಂಪು ಪುಸ್ತಕ ಮತ್ತೆ ಮೇಜಿಗೆ ಬಂತು, ಲ್ಯಾಪ್‌ಟಾಪಿಗೆ ‘ಜೋಡಿಗೆ ಇರಲಿ’ ಎಂದು ಮೂಲೆಯ ಸ್ಟೂಲು ಕೊಟ್ಟಿದ್ದರು. ಆಯೇರಿ ಶುರುವಾಗುವ ಮೊದಲೇ ಮೈಕಿನವನು ಗಂಟಲು ಸರಿಮಾಡಿಕೊಂಡು, ಚಿಕ್ಕೇರೂರಿನ ಎರಡೆಮ್ಮಿಯಾಂವನ ಪೂರ್ತಿ ಹೆಸರನ್ನು ಅಡ್ಡಹೆಸರು ಸಮೇತ ಕೂಗಿದ: ಐನೂರಾ ಒಂದು ರೂಪಾಯಿ! ಮಾತಿನ ಪ್ರಕಾರ ಇನ್ನೊಮ್ಮೆ ಕೂಗಿದ: ಐನೂರಾ ಒಂದು ರೂಪಾಯಿ! ಎರಡನೆಯ ಸಲ ಕೇಳಿದ್ದೇ ತಡ, ಸ್ಟೂಲಿನ ಮೇಲಿದ್ದವನ ಬೆರಳು ತಾನಾಗಿ ಡಿಲೀಟ್ ಗುಂಡಿಯ ಕಡೆ ಹೋಯಿತು. ಸೋದರಮಾವ ಹಿಂದಿನಿಂದ ಬಂದು ಕೈ ಹಿಡಿದುಕೊಂಡರು.